ಮಳೆ ಪುಸ್ತಕದ ಹಾಡುಗಾರ್ತಿ

ನನ್ನ ಗಂಡನ ಮನಸ್ಸಿನಲ್ಲಿ ಜಾಗ ಹಿಡಿದ ಹೆಂಗಸನ್ನು ನಾನು ಮುಖಾಮುಖಿ ನೋಡಿದವಳಲ್ಲ. ಅವಳ ವಿಷಯ ನನಗೆ ಗೊತ್ತಾಗುವ ಹೊತ್ತಿಗೆ ಅವಳು ತೀರಿಕೊಂಡು ಮೂರು ದಿನವಾಗಿತ್ತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಒಳ್ಳೆಯದಲ್ಲ ಎಂದು ನನಗೂ ತಿಳಿಯುತ್ತದೆ. ತಿಳಿದೂ ಪಟ್ಟೆ. ಬದುಕಿರುವವಳಾಗಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು, ಇವಳ ಹತ್ತಿರ ಅದಕ್ಕೂ ದಾರಿ ಇರಲಿಲ್ಲ.

ಇವರು, ಅಂದರೆ ನಮ್ಮನೆಯವರು, ಜಾವಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಮೇಸ್ತ್ರಿಗೆ ದಿನದ ಕೆಲಸ ಹೇಳುವುದು, ಚಿಕ್ಕಮಗಳೂರಿನಲ್ಲಿ ಇರುವ ಸಾಹುಕಾರರಿಗೆ ಬೆಳಿಗ್ಗೆ ಫೋನ್ ಮಾಡಿ ತೋಟದ ವರದಿ ಒಪ್ಪಿಸುವುದು ಇವರ ಕೆಲಸ. ಆದರೆ ಜೀವ ಇದ್ದದ್ದು ಮಳೆ ಪುಸ್ತಕದಲ್ಲಿ. ಆಫೀಸಿನ ಮುಂದಿನ ಬಯಲಿನಲ್ಲಿ ಮಳೆ ಅಳೆಯುವ ಡಬ್ಬ ನೆಟ್ಟಿದೆ. ಅದರೊಳಗಿನ ಬಾಟಲಿಯಲ್ಲಿ ಹಿಂದಿನ ದಿನದ ಮಳೆನೀರು ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಮೂವತ್ತು ವರ್ಷದಲ್ಲಿ ಇವರು ಒಂದು ಸೆಂಟನ್ನೂ ಅಂದಾಜಿನ ಮೇಲೆ ಬರೆದವರಲ್ಲ. ಜ್ವರ ಬಂದ ದಿನ ಕಂಬಳಿ ಹೊದ್ದುಕೊಂಡು ಹೋಗಿ ಅಳೆದಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಕಡೆಯ ಹೊಟ್ಟೆಕಿಚ್ಚೆಲ್ಲ ಮಳೆಯಿಂದಲೇ ಶುರುವಾಗುವುದು. ಯಾರಾದರೂ ಸಿಕ್ಕಿದರೆ ಆರೋಗ್ಯ ಕೇಳುವ ಮೊದಲು ‘ನಿಮ್ಮಲ್ಲಿ ಎಷ್ಟು ಬಿತ್ತು?’ ಎನ್ನುತ್ತಾರೆ. ತಮಗಿಂತ ಹತ್ತು ಸೆಂಟು ಜಾಸ್ತಿ ಬಿದ್ದಿದೆ ಎಂದು ಗೊತ್ತಾದರೆ ಮುಖ ಸಣ್ಣದಾಗುತ್ತದೆ. ಒಂದೇ ಮೋಡ ಈ ಗುಡ್ಡಕ್ಕೆ ಸುರಿದು ಆ ಗುಡ್ಡಕ್ಕೆ ಬರೀ ತುಂತುರು ಹಾಕಿ ಹೋಗುವುದು ಇಲ್ಲಿ ಮಾಮೂಲು. ಅದರಲ್ಲೂ ಮಾರ್ಚಿನಲ್ಲಿ ಬರುವ ಹೂಮಳೆಯ ಸಮಯದಲ್ಲಿ ಕೇಳುವುದೇ ಬೇಡ. ಒಂದು ಇಂಚು ಬಿದ್ದರೆ ಕಾಫಿ ಗಿಡ ಎಂಟನೇ ದಿನಕ್ಕೆ ಬೆಳ್ಳಗೆ ಹೂ ಬಿಡುತ್ತದೆ. ಕಮ್ಮಿ ಬಿದ್ದರೆ ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಕೊಡಬೇಕು. ಕೊಡದಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಕೆಂಪಾಗಿ ಒಣಗುತ್ತದೆ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಮಳೆ ಪುಸ್ತಕದಲ್ಲಿ ತಾರೀಕಿಗೊಂದು ಮನೆ, ಮಳೆಗೊಂದು ಮನೆ, ಬಲತುದಿಯಲ್ಲಿ ಷರಾ ಎಂದು ಅಗಲವಾದ ಒಂದು ಮನೆ. ಷರಾದಲ್ಲಿ ಬೇರೆ ರೈಟರುಗಳು ‘ಗುಡುಗು’, ‘ಆಲಿಕಲ್ಲು’ ಎಂದು ಬರೆಯುತ್ತಾರೆ. ಇವರು ಮದುವೆಗೂ ಮುಂಚಿನಿಂದ ಅಲ್ಲಿ ಸತ್ತವರನ್ನು ಬರೆಯುತ್ತಿದ್ದರು. ಊರಿನವರನ್ನಲ್ಲ, ಲೋಕದವರನ್ನು. ಮೊದಲು ರೇಡಿಯೋದಲ್ಲಿ ಕೇಳಿ, ಆಮೇಲೆ ಮೂಡಿಗೆರೆ ಬಸ್ಸಿನಲ್ಲಿ ಬರುವ ಪೇಪರಿನಲ್ಲಿ ಓದಿ, ಈಗ ಫೋನಿನಲ್ಲಿ ಹುಡುಕಿ. ಯಾವುದೋ ದೇಶದಲ್ಲಿ ಸಮುದ್ರ ಈಜಿ ದಾಟಿದ ಹೆಂಗಸು, ಇನ್ಯಾವುದೋ ದೇಶದಲ್ಲಿ ಜಗತ್ತಿನಲ್ಲೇ ಉದ್ದದ ಸೇತುವೆ ಕಟ್ಟಿದವನು, ಕಣ್ಣಿನ ಡಾಕ್ಟರು, ಚದುರಂಗದವನು, ಸರ್ಕಸ್ಸಿನ ಕೋಡಂಗಿ. ಒಬ್ಬೊಬ್ಬರಿಗೆ ಒಂದು ಸಾಲು, ಹೆಚ್ಚೆಂದರೆ ಎರಡು. ಒಂದು ಜುಲೈ ಪುಟದಲ್ಲಿ ‘4 ಇಂಚು 15’ ಅಂತ ಇದ್ದರೆ ಪಕ್ಕದಲ್ಲೇ ‘ಅಧ್ಯಕ್ಷರಾಗಿದ್ದವರು ತೀರಿಕೊಂಡರು, ಜೈಲಿನಲ್ಲಿದ್ದಾಗ ಬಡಗಿ ಕೆಲಸ ಕಲಿತಿದ್ದರಂತೆ’ ಅಂತ ಇರುತ್ತದೆ. ಅಧಿಕಾರದ ವಿಷಯ ಇವರು ಬರೆಯುವುದಿಲ್ಲ, ಕೈಯಲ್ಲಿ ಏನು ಮಾಡಿದರು ಎಂಬುದು ಮಾತ್ರ ಬೇಕು.

ಪ್ರತಿ ತಿಂಗಳ ಒಂದನೇ ತಾರೀಕು, ಎಂಟು ಗಂಟೆಯ ಅಳತೆ ಮುಗಿಸಿ ಬಂದು, ಕಾಫಿ ಕುಡಿಯುತ್ತ ಹಿಂದಿನ ತಿಂಗಳ ಪುಟವನ್ನು ನನಗೆ ಓದಿ ಹೇಳುವುದು ನಮ್ಮ ಮನೆಯ ಪದ್ಧತಿ. ಒಟ್ಟು ಮಳೆ ಇಷ್ಟು, ಹೋದವರು ಇಂತಿಂಥವರು. ಹೊಸದಾಗಿ ಮದುವೆಯಾಗಿ ಬಂದಾಗ ಇದೇನು ಗ್ರಹಚಾರ ಎನ್ನಿಸಿತ್ತು. ಮೂಡಿಗೆರೆಯ ನನ್ನ ತಂಗಿಯ ಗಂಡ ಹೆಂಡತಿಗೆ ಸಿನಿಮಾ ಕಥೆ ಹೇಳುತ್ತಿದ್ದ, ನನ್ನ ಗಂಡ ಸತ್ತವರ ಪಟ್ಟಿ ಓದುತ್ತಿದ್ದರು. ಬರಬರುತ್ತ ರೂಢಿಯಾಯಿತು. ಇಡೀ ತಿಂಗಳು ನಾಲ್ಕು ಮಾತಿಗೆ ಒಂದು ಉತ್ತರ ಕೊಡುವ ಮನುಷ್ಯ ಆ ಒಂದು ದಿನ ಅರ್ಧ ಗಂಟೆ ಮಾತಾಡುತ್ತಾರಲ್ಲ, ಅಷ್ಟಾದರೂ ಸಿಕ್ಕಿತು ಎಂದು ಕೂತು ಕೇಳುತ್ತಿದ್ದೆ.

ಕಿಚ್ಚು ಹತ್ತಿದ್ದು ನನ್ನ ಅಪ್ಪ ತೀರಿಕೊಂಡ ಮರುತಿಂಗಳು. ಒಂದನೇ ತಾರೀಕು ಇವರು ಓದಿದ ಪುಟದಲ್ಲಿ ಯಾವುದೋ ಹಿಮದ ದೇಶದ ಗಡಿಯಾರ ರಿಪೇರಿಯವನು ಇದ್ದ, ನನ್ನ ಅಪ್ಪ ಇರಲಿಲ್ಲ. ನನ್ನ ಅಪ್ಪ ಗೋಣಿಬೀಡಿನ ಸುತ್ತ ಅರ್ಧ ಊರಿಗೆ ಕಸಿ ಕಟ್ಟಿದವರು. ಅವರ ಕೈಯಲ್ಲಿ ಎದ್ದ ಕಿತ್ತಳೆ ಗಿಡಗಳು ಈಗಲೂ ಕಾಯಿ ಬಿಡುತ್ತಿವೆ. ಕೈಯಲ್ಲಿ ಮಾಡಿದ ಕೆಲಸವೇ ಬೇಕಿದ್ದರೆ ಅದಕ್ಕಿಂತ ಏನು ಬೇಕಿತ್ತು? ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ ಇವರು ಪುಸ್ತಕ ಮುಚ್ಚಿ ಹೇಳಿದರು:

“ಇದು ಲೋಕದವ್ರ ಪಟ್ಟಿ ಮಾರಾಯ್ತಿ. ಮನೆಯವ್ರನ್ನ ಇದ್ರಲ್ಲಿ ಬರೆಯೋದಲ್ಲ.”

“ಹಂಗಾದ್ರೆ ನಾನು ಸತ್ರೂ ಬರೆಯಲ್ಲ?”

“ನೀನು ಮನೆಯವ್ಳಲ್ವಾ,” ಎಂದರು, ಬಹಳ ದೊಡ್ಡ ಗೌರವ ಕೊಟ್ಟವರ ಹಾಗೆ.

ಅವತ್ತಿನಿಂದ ನಾನು ಪಟ್ಟಿಯನ್ನು ಬೇರೆ ಕಿವಿಯಲ್ಲಿ ಕೇಳತೊಡಗಿದೆ. ಗಂಡಸರ ಹೆಸರು ಬಂದರೆ ಸರಿ, ಹೆಂಗಸರ ಹೆಸರು ಬಂದರೆ ಸಾಲು ಲೆಕ್ಕ ಹಾಕುತ್ತಿದ್ದೆ. ಸಮುದ್ರ ದಾಟಿದವಳಿಗೆ ಎರಡು ಸಾಲು ಯಾಕೆ? ನಾನು ಹೊಳೆ ತುಂಬಿದಾಗ ಮರದ ಸಂಕ ದಾಟಿ ಇವರಿಗೆ ಊಟ ಕೊಂಡುಹೋದವಳು, ನನಗೆ ಅರ್ಧ ಸಾಲೂ ಇಲ್ಲ. ಇದನ್ನೆಲ್ಲ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಸಾರಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಬಂದಳು ಈ ಹಾಡುಗಾರ್ತಿ. ಈಚಿನ ಒಂದು ಮಾರ್ಚಿನ ಮೊದಲ ವಾರ. ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟ ಕೈಯಲ್ಲೇ ಆರಿತು. ಏನಾಯಿತೆಂದು ಕೇಳಿದರೆ, ದೂರದ ದೇಶದ ಒಬ್ಬ ಹಾಡುಗಾರ್ತಿ ಹೋದಳಂತೆ ಎಂದರು. ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮದುವೆಗೆ ಮುಂಚೆ, ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದಾಗ, ಹಳೇ ರೇಡಿಯೋದ ಮುಳ್ಳು ತಿರುಗಿಸುತ್ತ ಅವಳ ದನಿ ಹಿಡಿದಿದ್ದರಂತೆ. ಭಾಷೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲವಂತೆ. ಆದರೂ ಪ್ರತಿ ಭಾನುವಾರ ಅದೇ ಹೊತ್ತಿಗೆ ಅದೇ ಜಾಗಕ್ಕೆ ಮುಳ್ಳು ತಂದು ಕಾಯುತ್ತಿದ್ದರಂತೆ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ನನಗೆ ಈ ಸುದ್ದಿ ಹೊಸದು.

ಅವತ್ತು ಸಂಜೆ ಪುಸ್ತಕ ನೋಡಿದೆ. ಹನ್ನೊಂದು ಸಾಲು! ಷರಾದ ಮನೆ ಸಾಲದೆ ಅಕ್ಷರ ಮಳೆಯ ಮನೆಗೂ ನುಗ್ಗಿತ್ತು. ಮಳೆಯಿಲ್ಲದ ದಿನಗಳಾದ್ದರಿಂದ ಮೇಲಿನ ಮೂರು ನಾಲ್ಕು ದಿನದ ಖಾಲಿ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಮೂವತ್ತು ವರ್ಷ ಯಾರಿಗೂ ಗೆರೆ ದಾಟಲು ಬಿಡದವರು ಅವಳಿಗೆ ಬೇಲಿ ಕಿತ್ತು ದಾರಿ ಮಾಡಿದ್ದರು. ‘ಎತ್ತರದ ಸ್ವರಕ್ಕೆ ಹೋಗುವ ಮೊದಲು ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು, ಅದು ರೇಡಿಯೋದಲ್ಲಿ ಕೇಳುತ್ತಿತ್ತು’ ಎಂಬುದು ಒಂಬತ್ತನೇ ಸಾಲು. ನಾನು ಇಪ್ಪತ್ತೇಳು ವರ್ಷದಿಂದ ಒಲೆ ಊದುತ್ತಿದ್ದೇನೆ, ನನ್ನ ಉಸಿರು ಯಾರ ಕಿವಿಗೂ ಬೀಳಲಿಲ್ಲ. ಹೊಟ್ಟೆ ಉರಿಯಿತು ಎಂದರೆ ನಿಜವಾಗಿಯೂ ಉರಿಯಿತು, ಆ ರಾತ್ರಿ ಮಜ್ಜಿಗೆ ಕುಡಿದೇ ಮಲಗಿದೆ.

ಅದೇ ತಿಂಗಳು ಮೂರನೇ ಶನಿವಾರ ಇವರು ಕಳಸಕ್ಕೆ ಹೋದರು, ತಮ್ಮ ಅಕ್ಕನ ಮೊಮ್ಮಗಳ ನಾಮಕರಣಕ್ಕೆ. ಭಾನುವಾರ ಸಂಜೆಗೆ ವಾಪಸು. ಭಾನುವಾರ ರಜಾ ದಿನವಾದ್ದರಿಂದ ಊರಲ್ಲಿರುವುದಿಲ್ಲ ಎಂದು ಸಾಹುಕಾರರಿಗೆ ಹೇಳುವ ಅಗತ್ಯವಿರಲಿಲ್ಲ. ಮಳೆ ಬರುವ ಲಕ್ಷಣವೂ ಇರಲಿಲ್ಲ. ಆದರೂ ಹೋಗುವ ಮುಂಚೆ ನನ್ನನ್ನು ಡಬ್ಬದ ಹತ್ತಿರ ಕರೆದುಕೊಂಡು ಹೋಗಿ, ಬಾಟಲಿ ಹೇಗೆ ಎತ್ತಬೇಕು, ಗಾಜನ್ನು ಎಲ್ಲಿಗೆ ಹಿಡಿಯಬೇಕು, ನೀರಿನ ಯಾವ ಅಂಚನ್ನು ನೋಡಬೇಕು ಎಂದು ತೋರಿಸಿದರು. ಮೇಸ್ತ್ರಿಗೂ ಮುಟ್ಟಲು ಬಿಡದ ವಸ್ತು ಅದು. ನನ್ನ ಕೈಗೆ ಕೊಟ್ಟರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಶನಿವಾರ ಸಂಜೆ ಇದ್ದಕ್ಕಿದ್ದ ಹಾಗೆ ಕಪ್ಪಾಗಿ ಸುರಿಯಿತು. ಹೂಮಳೆ! ಹೆಂಚಿನ ಮೇಲೆ ಸದ್ದು ಜೋರಾಗಿಯೇ ಇತ್ತು, ಎಷ್ಟು ಹೊತ್ತು ಸುರಿಯಿತೋ ಗಮನ ಕೊಡಲಿಲ್ಲ. ಬೆಳಿಗ್ಗೆ ಬೇಗ ಎದ್ದು ಕಾಫಿ ಮುಗಿಸಿದೆ. ಎಂಟಕ್ಕೆ ಇನ್ನೂ ಅರ್ಧ ಗಂಟೆ. ಪುಸ್ತಕ ಮೇಜಿನ ಮೇಲಿತ್ತು, ಬೇಡ ಬೇಡವೆಂದರೂ ಕೈ ಆ ಹನ್ನೊಂದು ಸಾಲಿಗೇ ಹೋಯಿತು. ಸರಿ, ನೋಡಿಯೇ ಬಿಡೋಣ ಎಂದು ಅವಳ ಹೆಸರನ್ನು ಫೋನಿನಲ್ಲಿ ಹಾಕಿದೆ.

ಬಂದಳು. ಕಪ್ಪು ಉಡುಪು, ಗಿಡ್ಡ ಕೂದಲು, ಬರೀ ಕಿವಿ. ಮೂಗು ಉದ್ದ. ಚೆಂದವೇನಿಲ್ಲ ಎಂದು ಸಮಾಧಾನವಾಗುವಷ್ಟರಲ್ಲಿ ಬಾಯಿ ತೆರೆದಳು. ಆ ದನಿಗೆ ನಾನು ಏನನ್ನೂ ಹೇಳಲಾರೆ. ಚೆನ್ನಾಗಿಲ್ಲ ಎನ್ನಲು ಒಂದು ಹಾಡು, ಎರಡು ಹಾಡು, ಮೂರು ಹಾಡು ಕೇಳಿದೆ. ಎಂಟು ಹೊಡೆಯಿತು. ಫೋನು ಕೈಯಲ್ಲೇ, ಹಾಡು ನಡೆಯುತ್ತಲೇ, ಬಯಲಿಗೆ ಹೋಗಿ ಇನ್ನೊಂದು ಕೈಯಲ್ಲಿ ಬಾಟಲಿ ಎತ್ತಿದೆ. ಅಷ್ಟರಲ್ಲಿ ಅವಳು ಎತ್ತರಕ್ಕೆ ಹೋಗುವ ಮೊದಲು ಆ ಉಸಿರು ಎಳೆದುಕೊಂಡಳು. ಇವರು ಬರೆದಿದ್ದ ಅದೇ ಉಸಿರು. ಕೇಳಿತು. ನನ್ನ ಮೈ ಜುಮ್ಮೆಂದಿತು. ಬಾಟಲಿ ಕೈಯಿಂದ ಜಾರಿ ಹುಲ್ಲಿನ ಮೇಲೆ ಬಿತ್ತು. ಇಡೀ ತೋಟದ ಹೂಮಳೆ ಗಳಗಳ ಎಂದು ನನ್ನ ಚಪ್ಪಲಿಯ ಕೆಳಗೆ ಹೋಯಿತು.

ಅಲ್ಲಿಗೆ ನಿಲ್ಲಿಸಿ ಇವರಿಗೆ ಫೋನಿನಲ್ಲಿ ‘ಚೆಲ್ಲಿತು’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೇಗೆ ಚೆಲ್ಲಿತು ಎಂದು ಕೇಳಿದರೆ? ಅವಳ ಹಾಡು ಕೇಳುತ್ತಿದ್ದೆ ಎಂದು ಹೇಳುವುದಕ್ಕಿಂತ ಬಾವಿಗೆ ಬೀಳುವುದು ವಾಸಿ ಎನ್ನಿಸಿತು. ಪಕ್ಕದ ಗುಡ್ಡದ ಎಸ್ಟೇಟಿನ ರೈಟರ ಹೆಂಡತಿಗೆ ಫೋನ್ ಮಾಡಿ, ಅದೂ ಇದೂ ಮಾತಾಡಿ, ನಿಮ್ಮಲ್ಲಿ ಎಷ್ಟು ಎಂದು ಕೇಳಿದೆ. ಒಂದು ಇಂಚು ಹತ್ತು ಎಂದಳು. ನಾನು ಪುಸ್ತಕದಲ್ಲಿ ಒಂದು ಇಂಚು ಎಂಟು ಎಂದು ಬರೆದೆ. ಎರಡು ಸೆಂಟು ಕಮ್ಮಿ ಮಾಡಿದರೆ ನಿಜದ ಹಾಗೆ ಕಾಣುತ್ತದೆ ಎಂಬ ಬುದ್ಧಿ ಆ ಗಡಿಬಿಡಿಯಲ್ಲೂ ಎಲ್ಲಿಂದ ಬಂತೋ.

ಕಳಸದಿಂದ ಇವರ ಫೋನ್ ಬಂತು. ಸಂಖ್ಯೆ ಹೇಳಿದೆ. ಕಣ್ಣಿನ ಮಟ್ಟಕ್ಕೇ ಹಿಡಿದೆಯಾ ಎಂದರು, ಹೂಂ ಎಂದೆ. ಅವರ ದನಿಯಲ್ಲಿ ಆ ಖುಷಿ ಕೇಳಿ ವರ್ಷಗಳಾಗಿದ್ದವು. ಅಲ್ಲಿಂದಲೇ ಸಾಹುಕಾರರಿಗೆ ಹೇಳಿದರು. ಸಾಹುಕಾರರು ಸ್ಪ್ರಿಂಕ್ಲರ್ ಬೇಡ, ಪೈಪೆಲ್ಲ ಎತ್ತಿಡಿಸಿ ಎಂದರು.

ಸೋಮವಾರ ಮೇಸ್ತ್ರಿ ಬಂದು ಅನುಮಾನ ಎತ್ತಿದ. ಗಿಡದ ಬುಡ ಕೆದಕಿದರೆ ಎರಡು ಬೆರಳಿನಷ್ಟು ಮಾತ್ರ ತೇವ, ಕೆಳಗೆಲ್ಲ ಧೂಳು ಎಂದ. ಇವರು ತಾವೂ ಹೋಗಿ ಕೆದಕಿ ನೋಡಿ ಬಂದು, ಪುಸ್ತಕ ತೆಗೆದು, ನನ್ನ ಅಕ್ಷರದ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಮೇಸ್ತ್ರಿಗೆ, ಗಾಳಿಗೆ ಮೇಲಿನ ಮಣ್ಣು ಒಣಗಿರಬೇಕು, ಪುಸ್ತಕದಲ್ಲಿ ಇರುವುದೇ ಸರಿ ಎಂದುಬಿಟ್ಟರು. ತಮ್ಮ ಬೆರಳಿಗಿಂತ ನನ್ನ ಮಾತನ್ನು ನಂಬಿದರು. ಬಾಗಿಲ ಸಂದಿನಲ್ಲಿ ನಿಂತು ಎಲ್ಲ ಕೇಳಿ ಒಳಗೆ ಹೋದೆ. ನೀರು ಕೊಡಲು ಸಮಯವಿದ್ದ ಆ ಎರಡು ಮೂರು ದಿನ, ಈಗ ಹೇಳಿದರೂ ಪೈಪ್ ಹಾಕಬಹುದು ಎಂದು ಪ್ರತಿ ಹೊತ್ತೂ ಅಂದುಕೊಂಡೆ, ಪ್ರತಿ ಹೊತ್ತೂ ಆ ಉದ್ದ ಮೂಗಿನವಳು ಕಣ್ಣ ಮುಂದೆ ಬಂದು ಬಾಯಿ ಮುಚ್ಚಿಸಿದಳು.

ಎಂಟನೇ ದಿನ ಪಕ್ಕದ ಗುಡ್ಡ ಬೆಳ್ಳಗಾಯಿತು. ಗಾಳಿಯಲ್ಲಿ ಅದರ ಘಮ ನಮ್ಮ ಅಂಗಳದವರೆಗೂ ಬಂತು. ನಮ್ಮ ತೋಟದಲ್ಲಿ ಕೆರೆಯ ಸುತ್ತ ಒಂದಿಷ್ಟು ಹೂ, ಉಳಿದ ಕಡೆಯೆಲ್ಲ ಅರ್ಧ ಬಾಯಿ ಬಿಟ್ಟ ಕೆಂಪು ಮೊಗ್ಗು. ಅದನ್ನು ನೋಡಿದ ಮೇಲೆ ನನಗೆ ಮೊದಲ ಸಲ ಹಾಡುಗಾರ್ತಿ ಮರೆತುಹೋಗಿ ಇವರ ಮುಖ ನೆನಪಾಯಿತು.

ಮಾರನೇ ದಿನ ಸಾಹುಕಾರರು ಜೀಪಿನಲ್ಲಿ ಬಂದರು. ಇಡೀ ತೋಟ ಸುತ್ತಿ ಬಂದು ಆಫೀಸಿನ ಜಗಲಿಯಲ್ಲಿ ಕೂತರು. ಬೈಯುವ ಜನವಲ್ಲ ಅವರು, ಅದಕ್ಕೇ ಹೆದರಿಕೆ ಜಾಸ್ತಿ. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದೆ. ಆ ಭಾನುವಾರ ಮಳೆ ಅಳೆದವರು ಯಾರು ಎಂದು ಕೇಳಿದರು. ಹೇಳಿಬಿಡೋಣ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಇವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ನಾನೇ ಅಳ್ದಿದ್ದು ಸರ್. ಕಣ್ತಪ್ಪಾಯ್ತು.”

ಸಾಹುಕಾರರು ಎದ್ದು ನಿಂತರು. ಕಾಫಿ ಮುಟ್ಟಲಿಲ್ಲ.

“ವಯಸ್ಸಾಯ್ತು ರೈಟ್ರೇ. ಇನ್ನು ನೀವು ಅಳೆಯೋದು ಬೇಡ. ಮಿಷನ್ ಹಾಕಿಸ್ತೀನಿ, ನನ್ನ ಫೋನಿಗೇ ಬರುತ್ತೆ.”

ಜೀಪು ಹೋದ ಮೇಲೆ ಇವರು ಜಗಲಿಯ ಕಂಬಕ್ಕೆ ಒರಗಿ ನಿಂತರು. ನಾನು ಹತ್ತಿರ ಹೋಗಿ, ಚೆಲ್ಲಿದ್ದು ನಾನು ಎಂದೆ. ಗೊತ್ತು ಎಂದರು. ಹಿಂದಿನ ದಿನ ಗೋಣಿಬೀಡಿನ ಅಂಗಡಿಯಲ್ಲಿ ಪಕ್ಕದ ತೋಟದ ರೈಟರ್ ಸಿಕ್ಕಿ, ನಾನು ಅವನ ಹೆಂಡತಿಗೆ ಫೋನ್ ಮಾಡಿದ್ದನ್ನು ಹೇಳಿದ್ದನಂತೆ. ಒಂದು ರಾತ್ರಿ ಪೂರ್ತಿ ಗೊತ್ತಿದ್ದೂ ನನ್ನನ್ನು ಕೇಳಿರಲಿಲ್ಲ. ಹೇಗೆ ಚೆಲ್ಲಿತು ಎಂದು ಈಗ ಕೇಳಿದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ, ಎಲ್ಲ ಹೇಳಿದೆ. ಅಪ್ಪನ ವಿಷಯ, ಸಾಲು ಲೆಕ್ಕ ಹಾಕುತ್ತಿದ್ದದ್ದು, ಹನ್ನೊಂದು ಸಾಲು, ಫೋನು, ಉಸಿರು. ಅತ್ತುಬಿಟ್ಟೆ. ಇವರು ನನ್ನ ಸೆರಗಿನ ಕಡೆ ನೋಡಿದರು, ಬಯಲಿನ ಡಬ್ಬದ ಕಡೆ ನೋಡಿದರು, ಆಮೇಲೆ ಮೆತ್ತಗೆ ಕೇಳಿದರು:

“ಯಾವ ಹಾಡು ಅದು?”

ಆ ದಿನ ಪೂರ್ತಿ ನಾನು ಅವರ ಜೊತೆ ಮಾತು ಬಿಟ್ಟೆ. ತಪ್ಪು ನನ್ನದೇ, ಅವರ ಕೆಲಸದ ಮಾನ ಹೋಗಿದ್ದು ನನ್ನಿಂದಲೇ, ಆದರೂ ಬಿಟ್ಟೆ. ತಪ್ಪು ಮಾಡಿದವಳು ಕೋಪ ಮಾಡಿಕೊಳ್ಳಬಾರದು ಎಂದು ಯಾರು ಹೇಳಿದರು?

ಏಪ್ರಿಲ್ ಒಂದನೇ ತಾರೀಕು ಪದ್ಧತಿ ತಪ್ಪಿಸಲಿಲ್ಲ. ಎಂಟಕ್ಕೆ ಹೋಗಿ, ಸಾಹುಕಾರರು ಬೇಡವೆಂದ ಡಬ್ಬವನ್ನು ನೋಡಿ ಬಂದು, ಕಾಫಿ ಹಿಡಿದು ಕೂತು ಮಾರ್ಚಿನ ಪುಟ ಓದಿದರು. ಹಾಡುಗಾರ್ತಿಯ ಹನ್ನೊಂದು ಸಾಲನ್ನು ಒಂದೇ ಉಸಿರಿನಲ್ಲಿ, ತಲೆ ಎತ್ತದೆ ಓದಿ ಮುಗಿಸಿದರು. ಆಮೇಲೆ ಒಬ್ಬ ಓಟಗಾರ, ಒಬ್ಬ ಮುದುಕಿ ವಿಜ್ಞಾನಿ, ಬೊಂಬೆ ಮಾಡುತ್ತಿದ್ದವನೊಬ್ಬ. ಒಟ್ಟು ಮಳೆ ಎನ್ನುವಲ್ಲಿಗೆ ಬಂದಾಗ ಸಂಖ್ಯೆ ಹೇಳಲಿಲ್ಲ, ಪುಸ್ತಕ ಮುಚ್ಚಿ ತೋಟಕ್ಕೆ ಹೋದರು.

ಅವರು ಕಣ್ಮರೆಯಾದ ಮೇಲೆ ತೆಗೆದು ನೋಡಿದೆ. ಆ ಭಾನುವಾರದ ಮನೆಯಲ್ಲಿ ನಾನು ಬರೆದ ಒಂದು ಇಂಚು ಎಂಟನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಪಕ್ಕದ ಷರಾದಲ್ಲಿ ಸತ್ತವರು ಯಾರೂ ಇರಲಿಲ್ಲ. ‘ಈ ಅಳತೆ ತಪ್ಪು. ಅಳೆದವನು ನಾನು’ ಎಂದು ಬರೆದು ಕೆಳಗೆ ಸಹಿ ಹಾಕಿದ್ದರು.

ಕಪಾಟಿನಿಂದ ಹಳೆಯ ಪುಸ್ತಕಗಳನ್ನೆಲ್ಲ ನೆಲಕ್ಕೆ ಇಳಿಸಿ, ಅಡುಗೆಗೆ ಇಡುವುದನ್ನೂ ಬಿಟ್ಟು, ಮಧ್ಯಾಹ್ನದವರೆಗೆ ಹುಡುಕಿದೆ. ಎಲ್ಲೂ ಒಂದು ಸಂಖ್ಯೆ ಹೊಡೆದು ಹಾಕಿದ್ದಿಲ್ಲ. ಎಲ್ಲೂ ‘ನಾನು’ ಎಂಬ ಮಾತಿಲ್ಲ. ಲೋಕದ ಅಷ್ಟೊಂದು ಜನ ಆ ಪುಸ್ತಕಗಳಲ್ಲಿ ಮಲಗಿದ್ದಾರೆ, ಅವರ ಬಗ್ಗೆ ಬರೆದಿದ್ದೆಲ್ಲ ನಿಜ. ಹಾಡುಗಾರ್ತಿಯ ಹನ್ನೊಂದು ಸಾಲೂ ನಿಜ. ಆ ಮೂವತ್ತು ವರ್ಷದಲ್ಲಿ ಇವರು ಸುಳ್ಳು ಬರೆದದ್ದು ಒಂದೇ ಸಾಲು, ಅದು ನನ್ನದು.

ಅವಳು ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.